ಟ್ರಕ್ಕಿನಲ್ಲಿ ಆಫ್ರಿಕಾ ಸಫಾರಿ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಉಡುಪಿ, ಮಂಗಳೂರು ಕಡೆಯ ಒಂದು ಹತ್ತು ಜನ ಗೆಳೆಯರು. ಟೂರ್ ಕಂಪನಿ ಅಲ್ಲ, ಕಮಿಷನ್ನೂ ಇಲ್ಲ. ಎರಡು ಸಲ ಟ್ರಕ್ಕಿನಲ್ಲಿ ಆಫ್ರಿಕಾ ಸುತ್ತಿ, ಟೆಂಟಿನಲ್ಲಿ ಮಲಗಿ ಬಂದಿದ್ದೇವೆ. ಈಗ ಮೂರನೇ ಸಲಕ್ಕೆ ಜನ ಸೇರುತ್ತಿದ್ದಾರೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದಿಟ್ಟಿದ್ದೇವೆ.

ಇದು ಎಂತ ಪ್ರವಾಸ? ರೆಸಾರ್ಟ್ ಸಫಾರಿಗೂ ಇದಕ್ಕೂ ಏನು ವ್ಯತ್ಯಾಸ?

ದೊಡ್ಡ ಲಾರಿಯ ಚಾಸಿಯ ಮೇಲೆ ಬಸ್ಸಿನ ಹಾಗೆ ಸೀಟು ಕೂರಿಸಿದ ಗಾಡಿ. ಇಪ್ಪತ್ತು ಚಿಲ್ಲರೆ ಜನ ಹಿಡಿಸುತ್ತಾರೆ. ಟೆಂಟು, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಅಕ್ಕಿ ಮೂಟೆ ಎಲ್ಲ ಅದರಲ್ಲೇ. ಡ್ರೈವರ್, ಗೈಡ್, ಕೆಲವೊಮ್ಮೆ ಅಡುಗೆಯವರು ಜೊತೆಗಿರುತ್ತಾರೆ. ಆದರೆ ನಿಮ್ಮ ಟೆಂಟು ನೀವೇ ಹಾಕಬೇಕು, ನೀವೇ ಬಿಚ್ಚಬೇಕು. ತರಕಾರಿ ಹೆಚ್ಚುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ, ಟ್ರಕ್ ಗುಡಿಸುವುದಕ್ಕೆ ಪಾಳಿ ಇರುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇವೆ. "ದುಡ್ಡು ಕೊಟ್ಟ ಮೇಲೆ ನಾನ್ಯಾಕೆ ತಟ್ಟೆ ತೊಳೆಯಬೇಕು" ಅನ್ನಿಸುವವರಿಗೆ ಈ ಪ್ರವಾಸ ಆಗಿಬರುವುದಿಲ್ಲ. ಅವರು ಲಾಡ್ಜಿನಲ್ಲಿ ಉಳಿಯುವ ಸಫಾರಿಗೆ ಹೋಗಲಿ, ಅದೂ ಚೆನ್ನಾಗಿಯೇ ಇರುತ್ತದೆ. ಯಾರೂ ಮುಖ ಊದಿಸಿಕೊಂಡು 28 ದಿನ ಒಂದೇ ಟ್ರಕ್ಕಿನಲ್ಲಿ ಕೂರುವುದು ಬೇಡ ಮಾರಾಯ್ರೇ.

ದಾರಿ ಯಾವುದು?

ಮಂಗಳೂರಿನಿಂದ ಮುಂಬೈ, ಅಲ್ಲಿಂದ ನೈರೋಬಿಗೆ ವಿಮಾನ. ಮುಂಬೈ ಬಿಟ್ಟರೆ ಆರು ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತೀರಿ. ಕೆನ್ಯಾದ ಮಸಾಯಿ ಮಾರಾ ಮೊದಲು. ನಮಾಂಗಾ ಗಡಿ ದಾಟಿ ತಾಂಜಾನಿಯಾದ ಅರುಷಾ, ಸೆರೆಂಗೆಟಿ, ಗೊರೊಂಗೊರೊ. ಆಮೇಲೆ ದಕ್ಷಿಣಕ್ಕೆ ಉದ್ದದ ಓಟ. ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆಯೇ ಹೆದ್ದಾರಿ ಹಾದುಹೋಗುತ್ತದೆ, ಜಿರಾಫೆಯನ್ನು ಟಿಕೆಟ್ ಇಲ್ಲದೆ ನೋಡಬಹುದು. ಸಾಂಗ್ವೆ ಗಡಿಯಲ್ಲಿ ಮಲಾವಿ. ಮಲಾವಿ ಸರೋವರದ ದಡದಲ್ಲಿ ಮೂರ್ನಾಲ್ಕು ದಿನ. ನಂತರ ಜಾಂಬಿಯಾದ ಸೌತ್ ಲುವಾಂಗ್ವಾ ಉದ್ಯಾನ, ಲುಸಾಕಾ, ಲಿವಿಂಗ್‌ಸ್ಟನ್. ವಿಕ್ಟೋರಿಯಾ ಜಲಪಾತವನ್ನು ಜಾಂಬಿಯಾ, ಜಿಂಬಾಬ್ವೆ ಎರಡೂ ಬದಿಯಿಂದ ನೋಡಿ, ಬೋಟ್ಸ್ವಾನಾದ ಚೋಬೆ ಉದ್ಯಾನ ಮತ್ತು ಒಕಾವಾಂಗೊ ನದಿಯ ಜೌಗು ಬಯಲಿನಲ್ಲಿ ಮುಕ್ತಾಯ. ಒಟ್ಟು ಆರು ದೇಶ.

ಜಲಪಾತದ ಬಗ್ಗೆ ನಮ್ಮವರ ಮೊದಲ ಪ್ರಶ್ನೆ, ಜೋಗಕ್ಕಿಂತ ದೊಡ್ಡದಾ ಅಂತ. ಎತ್ತರದಲ್ಲಿ ಜೋಗವೇ ಜಾಸ್ತಿ, 253 ಮೀಟರ್. ವಿಕ್ಟೋರಿಯಾ 108 ಮೀಟರ್ ಅಷ್ಟೇ. ಆದರೆ ಅಗಲ ಸುಮಾರು 1.7 ಕಿಲೋಮೀಟರ್. ಜಾಂಬೆಜಿ ನದಿಗೆ ನದಿಯೇ ಬಿರುಕಿನೊಳಗೆ ಬೀಳುವುದನ್ನು ಎದುರಿನ ದಂಡೆಯಲ್ಲಿ ನಿಂತು ನೋಡಬೇಕು. ರೈನ್‌ಕೋಟ್ ಬೇಕೇ ಬೇಕು.

ಯಾವಾಗ ಹೊರಡುವುದು? ಮಕ್ಕಳ ಬೇಸಿಗೆ ರಜೆಯಲ್ಲಿ ಆಗುವುದಿಲ್ಲವಾ?

ಏಪ್ರಿಲ್, ಮೇ ಬೇಡ. ನಮ್ಮ ರಜೆಯ ಹೊತ್ತಿಗೆ ಸರಿಯಾಗಿ ಕೆನ್ಯಾ, ತಾಂಜಾನಿಯಾದಲ್ಲಿ ದೊಡ್ಡ ಮಳೆಗಾಲ. ಮಣ್ಣಿನ ದಾರಿಯಲ್ಲಿ ಗಾಡಿ ಹೂತುಹೋಗುತ್ತದೆ, ಹುಲ್ಲು ಎದೆಯೆತ್ತರ ಬೆಳೆದು ಪ್ರಾಣಿ ಕಾಣುವುದಿಲ್ಲ.

ಸರಿಯಾದ ಕಾಲ ಜುಲೈ ಮಧ್ಯದಿಂದ ಆಗಸ್ಟ್, ಅಂದರೆ ನಮ್ಮ ಆಟಿ. ಇಲ್ಲಿ ಜಡಿಮಳೆ ಹೊಯ್ಯುವಾಗ ಅಲ್ಲಿ ಒಣಹವೆ. ನೀರು ಬತ್ತಿ ಪ್ರಾಣಿಗಳೆಲ್ಲ ಹೊಳೆ, ಹೊಂಡದ ಬಳಿಗೆ ಬರುತ್ತವೆ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳು ಸೆರೆಂಗೆಟಿಯಿಂದ ಮಾರಾ ಕಡೆಗೆ ಹುಲ್ಲು ಹುಡುಕಿಕೊಂಡು ನದಿ ದಾಟುವುದೂ ಜುಲೈಯಿಂದ ಅಕ್ಟೋಬರ್ ನಡುವೆ. ಒಕಾವಾಂಗೊದ್ದು ಇನ್ನೂ ವಿಚಿತ್ರ. ಅಂಗೋಲಾದ ಬೆಟ್ಟಗಳಲ್ಲಿ ತಿಂಗಳುಗಳ ಹಿಂದೆ ಬಿದ್ದ ಮಳೆ ನಿಧಾನವಾಗಿ ಹರಿದು, ಬೋಟ್ಸ್ವಾನಾ ಒಣಗಿರುವಾಗ ಬಂದು ತುಂಬುತ್ತದೆ. ನೆತ್ತಿಯ ಮೇಲೆ ಸುಡುವ ಬಿಸಿಲು, ಕಾಲಡಿಯಲ್ಲಿ ನೆರೆ.

ಆಟಿಯಲ್ಲಿ ಶುಭಕಾರ್ಯಕ್ಕೆ ಹೊರಡಬಾರದು ಅಂತ ಮನೆಯ ಅಜ್ಜಿ ಹೇಳಬಹುದು. ನಮ್ಮ ಗುಂಪಿನ ಒಬ್ಬರ ಅಜ್ಜಿಯೂ ಹೇಳಿದ್ದರು. "ಇದು ಶುಭಕಾರ್ಯ ಅಲ್ಲ, ತಿರುಗಾಟ" ಅಂದದ್ದಕ್ಕೆ ಸುಮ್ಮನಾದರು.

ಹುಲಿ ಕಾಣಸಿಗುತ್ತದಾ?

ಇಲ್ಲ. ಆಫ್ರಿಕಾದ ಕಾಡಿನಲ್ಲಿ ಹುಲಿಯೇ ಇಲ್ಲ. ಹುಲಿ ಬೇಕಾದರೆ ನಾಗರಹೊಳೆಗೆ ಹೋಗಿ, ಅಥವಾ ಅಷ್ಟಮಿಗೆ ಉಡುಪಿಯಲ್ಲೇ ನಿಲ್ಲಿ.

ಅಲ್ಲಿ ನೋಡುವುದು ಸಿಂಹ, ಆನೆ, ಚಿರತೆ, ಕಾಡೆಮ್ಮೆ, ಘೇಂಡಾಮೃಗ. ಜೊತೆಗೆ ಚೀತಾ. ಚಿರತೆ ಬೇರೆ, ಚೀತಾ ಬೇರೆ. ನಮ್ಮ ಜಿಲ್ಲೆಯಲ್ಲಿ ಕೋಳಿ ಹಿಡಿಯಲು ಬಂದು ಬಾವಿಗೆ ಬೀಳುವುದು ಚಿರತೆ. ಚೀತಾ ಬಯಲಿನಲ್ಲಿ ಓಡುವ ಸಪೂರ ದೇಹದ್ದು, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ. ಭಾರತದಲ್ಲಿ ಅದು ನಿರ್ನಾಮವಾಯಿತು ಎಂದು 1952ರಲ್ಲಿ ಘೋಷಿಸಿದ್ದರು. 2022ರಲ್ಲಿ ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ತಂದು ಬಿಟ್ಟದ್ದು ನಮೀಬಿಯಾದ ಚೀತಾಗಳನ್ನು. ಟ್ರಕ್ಕಿನಲ್ಲಿ "ಚಿರತೆ ಚಿರತೆ" ಅಂತ ಕೂಗಿ ಚೀತಾ ತೋರಿಸಿದರೆ ಗುಂಪಿನವರು ಇಡೀ ದಿನ ತಮಾಷೆ ಮಾಡುತ್ತಾರೆ. ಅನುಭವದ ಮಾತು.

ಘೇಂಡಾಮೃಗಕ್ಕೆ ಗೊರೊಂಗೊರೊ ಒಳ್ಳೆಯ ಜಾಗ. ಕುಸಿದ ಹಳೇ ಜ್ವಾಲಾಮುಖಿಯ ಬಾಯಿ ಅದು. ಸುಮಾರು 600 ಮೀಟರ್ ಆಳ, ಸುಮಾರು 260 ಚದರ ಕಿಲೋಮೀಟರ್ ತಳ. ನಮ್ಮ ಟ್ರಕ್ ಅಲ್ಲಿಗೆ ಇಳಿಯುವಂತಿಲ್ಲ, ಫೋರ್ ವೀಲ್ ಡ್ರೈವ್ ಜೀಪಿಗೆ ಬದಲಾಯಿಸಬೇಕು.

ಟೆಂಟಿನಲ್ಲಿ ಮಲಗಿದಾಗ ಸಿಂಹ ಬಂದರೆ?

ಎಲ್ಲರ ಮನೆಯಲ್ಲೂ ಅಮ್ಮಂದಿರು ಕೇಳುವುದು ಇದನ್ನೇ. ನೇರವಾಗಿ ಹೇಳುತ್ತೇವೆ, ಬರಬಹುದು. ಸೆರೆಂಗೆಟಿಯ ಸೆರೊನೆರಾದಲ್ಲಿ ನಾವು ಉಳಿದ ಕ್ಯಾಂಪಿಗೆ ಬೇಲಿ ಇರಲಿಲ್ಲ. ರಾತ್ರಿ ಕತ್ತೆಕಿರುಬ ಊಳಿಡುವುದು ಕಿವಿಯ ಪಕ್ಕದಲ್ಲೇ ಕೇಳಿದಂತಾಗುತ್ತದೆ. ಮೊದಲ ಸಲ ನಮ್ಮಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಟೆಂಟಿನಿಂದ ನಾಲ್ಕು ಮಾರು ದೂರದಲ್ಲಿ ಹೆಜ್ಜೆ ಗುರುತು. ಎರಡನೇ ಸಲ ಅದೇ ಸದ್ದಿಗೆ ಗೊರಕೆ ಹೊಡೆದೆವು.

ಜಿಪ್ ಹಾಕಿದ ಟೆಂಟನ್ನು ಪ್ರಾಣಿಗಳು ಸಾಮಾನ್ಯವಾಗಿ ಬಂಡೆಯಂತೆ ಕಂಡು ಸುತ್ತಿಕೊಂಡು ಹೋಗುತ್ತವೆ. ಅಪಾಯ ಶುರುವಾಗುವುದು ನಾವು ಹೊರಗೆ ಬಂದಾಗ, ಅಥವಾ ಒಳಗೆ ತಿಂಡಿ ಇಟ್ಟಾಗ. ಹಾಗಾಗಿ ಕತ್ತಲಾದ ಮೇಲೆ ಒಬ್ಬರೇ ಓಡಾಡುವಂತಿಲ್ಲ. ರಾತ್ರಿ ಮೂತ್ರಕ್ಕೆ ಏಳಲೇಬೇಕಾದರೆ ಜಿಪ್ ಸ್ವಲ್ಪ ತೆಗೆದು ಟಾರ್ಚನ್ನು ಸುತ್ತಲೂ ಹಾಯಿಸಿ. ಕಣ್ಣು ಹೊಳೆದರೆ ಜಿಪ್ ಮುಚ್ಚಿ. ಸಂಜೆ ಚಹಾ ಕಡಿಮೆ ಕುಡಿಯುವುದು ಇದಕ್ಕಿಂತ ಸುಲಭ. ಚಪ್ಪಲಿ ಹೊರಗೆ ಬಿಡಬೇಡಿ, ಕತ್ತೆಕಿರುಬ ಚರ್ಮದ ಚಪ್ಪಲಿ ಕಚ್ಚಿಕೊಂಡು ಹೋಗುತ್ತದೆ. ಹೊಳೆ ದಡದ ಕ್ಯಾಂಪಿನಲ್ಲಿ ನೀರಾನೆಯ ದಾರಿಗೆ ಅಡ್ಡ ಟೆಂಟು ಹಾಕಬೇಡಿ. ಅದು ರಾತ್ರಿ ಮೇಯಲು ದಡ ಹತ್ತುತ್ತದೆ, ಅದಕ್ಕೂ ನೀರಿಗೂ ನಡುವೆ ನಿಂತವರನ್ನು ಸಹಿಸುವುದಿಲ್ಲ.

ನಮ್ಮ ಪೆಟ್ಟು ಮಾತ್ರ ಸಿಂಹದಿಂದ ಬಂದದ್ದಲ್ಲ, ಮಂಗದಿಂದ. ಸೌತ್ ಲುವಾಂಗ್ವಾದಲ್ಲಿ ಒಬ್ಬರು ಬ್ಯಾಗಿನ ತಳದಲ್ಲಿ ಹಲಸಿನಕಾಯಿ ಚಿಪ್ಸ್ ಇಟ್ಟು ಮರೆತಿದ್ದರು. ಕಟ್ಟಿದ್ದು ಎರಡು ಪ್ಲಾಸ್ಟಿಕ್ ಡಬ್ಬದಲ್ಲಿ, ಊರಿನ ತೆಂಗಿನೆಣ್ಣೆಯಲ್ಲಿ ಕರಿದದ್ದು. ಮಧ್ಯಾಹ್ನ ಬಂದು ನೋಡಿದರೆ ಟೆಂಟಿನ ಸೊಳ್ಳೆಪರದೆ ಉದ್ದಕ್ಕೆ ಸೀಳಿದೆ, ಡಬ್ಬ ಮರದ ಮೇಲೆ, ಅಂಗಳದ ತುಂಬ ಹಳದಿ ಪುಡಿ. ಅವರ ಕನ್ನಡಕವೂ ಮರದ ಮೇಲೆಯೇ ಇತ್ತು. ಆ ಟೆಂಟಿಗೆ ಉಳಿದ ಹದಿನೈದು ದಿನ ಬ್ಯಾಂಡೇಜ್ ಟೇಪೇ ಗತಿ. ಅಲ್ಲಿ ಹಣ್ಣಿನ ವಾಸನೆಗೆ ಆನೆಯೂ ಟೆಂಟಿಗೆ ಬರುತ್ತದಂತೆ. ಮಂಗವೇ ಬಂದದ್ದು ಪುಣ್ಯ.

ಊಟದ ಕಥೆ ಏನು? ಶುದ್ಧ ಸಸ್ಯಾಹಾರಿಗಳು ಬರಬಹುದಾ?

ಬರಬಹುದು. ಮೊದಲೇ ಹೇಳಿರಬೇಕು. ನೈರೋಬಿ, ಅರುಷಾ, ಲುಸಾಕಾದಂಥ ಊರುಗಳಲ್ಲಿ ಭಾರತೀಯ ಮೂಲದವರ ಅಂಗಡಿಗಳಿವೆ. ತೊಗರಿಬೇಳೆ, ಗೋಧಿಹಿಟ್ಟು, ಸಾಸಿವೆ ಸಿಗುತ್ತದೆ. ಕೆನ್ಯಾದಲ್ಲಿ ಚಪಾತಿಗೆ ಚಪಾತಿ ಅಂತಲೇ ಹೆಸರು. ನ್ದೆಂಗು ಅಂತ ಒಂದು ಪಲ್ಯ ಸಿಕ್ಕಿತು, ರುಚಿ ನೋಡಿದರೆ ನಮ್ಮ ಹೆಸರುಕಾಳಿನ ಗಸಿಯ ತಮ್ಮ. ತೆಂಗಿನಕಾಯಿ ಒಂದು ಕಡಿಮೆ.

ಮುಖ್ಯ ಊಟ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅದೂ ಬಿಳಿ ಮೆಕ್ಕೆಜೋಳದ್ದು. ಕೆನ್ಯಾ, ತಾಂಜಾನಿಯಾದಲ್ಲಿ ಉಗಾಲಿ, ಜಾಂಬಿಯಾಕ್ಕೆ ಬಂದರೆ ನ್ಶಿಮಾ, ಜಿಂಬಾಬ್ವೆಯಲ್ಲಿ ಸಾಡ್ಜಾ. ಘಟ್ಟದ ಮೇಲಿನ ರಾಗಿಮುದ್ದೆ ಉಂಡವರಿಗೆ ಅಭ್ಯಾಸವಾಗುತ್ತದೆ. ನಮ್ಮಂಥ ಗಂಜಿಯವರಿಗೆ ನಾಲ್ಕು ದಿನ ಬೇಕು. ಕುಚ್ಚಲಕ್ಕಿ ಕಟ್ಟಿಕೊಂಡು ಹೋಗಬೇಡಿ, ನಾವು ಹೋಗಿದ್ದೆವು. ಅದು ಬೇಯುವ ಹೊತ್ತಿಗೆ ಗ್ಯಾಸ್ ಅರ್ಧ ಖಾಲಿ, ಅಡುಗೆಯವರ ಮುಖ ಪೂರ್ತಿ ಕೆಂಪು. ಚಟ್ನಿಪುಡಿ, ಉಪ್ಪಿನಕಾಯಿ, ಮೆಂತೆಹಿಟ್ಟು, ಅವಲಕ್ಕಿ ಸಾಕು. ಅವನ್ನು ಟ್ರಕ್ಕಿನ ತಿಂಡಿ ಪೆಟ್ಟಿಗೆಯಲ್ಲಿಡಿ, ಟೆಂಟಿನಲ್ಲಲ್ಲ.

ಮೀನಿನವರಿಗೆ ಮಲಾವಿ ಸ್ವರ್ಗ. ಚಾಂಬೊ ಅನ್ನುವ ಸರೋವರದ ಮೀನನ್ನು ದಡದಲ್ಲೇ ಸುಟ್ಟು ಕೊಡುತ್ತಾರೆ. ಉಸಿಪಾ ಅಂತ ಬೆರಳುದ್ದದ ಬೆಳ್ಳಿ ಮೀನು. ದಡದುದ್ದಕ್ಕೂ ಕೋಲಿನ ಅಟ್ಟ ಕಟ್ಟಿ, ಮೇಲೆ ಬಲೆ ಹಾಸಿ ಒಣಗಿಸುತ್ತಾರೆ. ಹೆಂಗಸರು ಅಂಗೈಯಲ್ಲಿ ತಿರುವಿ ಹಾಕುತ್ತಾ, ಕಾಗೆ ಓಡಿಸುತ್ತಾ ಕೂತಿರುತ್ತಾರೆ. ಟ್ರಕ್ ಇಳಿದ ಕೂಡಲೇ ಗಾಳಿ ಮೂಗಿಗೆ ಬಡಿಯಿತು ನೋಡಿ, ನಮ್ಮ ಜೊತೆಗಿದ್ದ ಮಲ್ಪೆಯವರು ಅಲ್ಲೇ ನಿಂತುಬಿಟ್ಟರು. ಬೇರೆ ದೇಶದವರು ಮೂಗು ಮುಚ್ಚಿಕೊಂಡರೆ ಇವರು ದೀರ್ಘ ಉಸಿರು ತೆಗೆದುಕೊಳ್ಳುತ್ತಿದ್ದರು. ಕಾಲು ಕಿಲೋ ತಂದು, ಕೆಂಡದಲ್ಲಿ ಹುರಿದು, ಮೆಣಸು ಈರುಳ್ಳಿ ಜೊತೆ ಜಜ್ಜಿ ಚಟ್ನಿ ಮಾಡಿದರು. ಆ ರಾತ್ರಿ ಮುದ್ದೆ ಸಾಕಾಗಲಿಲ್ಲ.

ಬೋಟ್ಸ್ವಾನಾಕ್ಕೆ ಹಸಿ ಮಾಂಸ ಒಯ್ಯಬೇಡಿ. ಕಾಲುಬಾಯಿ ಜ್ವರ ಹರಡದಂತೆ ಅಲ್ಲಲ್ಲಿ ತಪಾಸಣೆ ಗೇಟುಗಳಿವೆ. ಟ್ರಕ್ಕಿನಿಂದ ಇಳಿಸಿ ಬೂಟನ್ನು ಔಷಧಿ ನೀರಿನ ಚಾಪೆಗೆ ಒತ್ತಿಸುತ್ತಾರೆ.

ಪಾತ್ರೆ ತೊಳೆಯಲೇಬೇಕಾ?

ಹೌದು. ಮೂರು ಟಬ್ ಸಾಲಾಗಿರುತ್ತವೆ. ಸೋಪಿನ ನೀರು, ಕ್ರಿಮಿನಾಶಕ ಹಾಕಿದ ನೀರು, ಸಾದಾ ನೀರು. ಬಟ್ಟೆಯಲ್ಲಿ ಒರೆಸುವಂತಿಲ್ಲ, ಒಬ್ಬರ ಹೊಟ್ಟೆನೋವು ಎಲ್ಲರಿಗೂ ಹರಡುತ್ತದೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಿ ಒಣಗಿಸಬೇಕು. ಇಪ್ಪತ್ತು ಜನ ಮುಸ್ಸಂಜೆಯಲ್ಲಿ ಕೈ ಬಡಿಯುತ್ತಾ ನಿಂತದ್ದು ದೂರದಿಂದ ನೋಡಿದರೆ ಯಾವುದೋ ಕೊಕ್ಕರೆ ಗುಂಪಿನ ಹಾಗೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮನೆಯಲ್ಲಿ ಲೋಟ ಎತ್ತಿಟ್ಟವರಲ್ಲ. ಈಗ ಮನೆಯಲ್ಲೂ ತಟ್ಟೆ ಬೀಸುತ್ತಾರಂತೆ. ಅವರ ಹೆಂಡತಿ ನಮಗೆ ಫೋನ್ ಮಾಡಿ ಹೇಳಿದರು.

ಸ್ನಾನ, ಶೌಚ? ಹೆಂಗಸರಿಗೆ ತೊಂದರೆ ಆಗುವುದಿಲ್ಲವಾ?

ಕ್ಯಾಂಪುಗಳಲ್ಲಿ ಶವರ್ ಇದೆ. ಬಿಸಿನೀರು ಕೆಲವು ಕಡೆ ಸೌದೆ ಒಲೆಯ ಹಂಡೆಯಿಂದ ಬರುತ್ತದೆ, ನಮ್ಮ ಬಚ್ಚಲುಮನೆಯ ಹಾಗೆಯೇ. ಉದ್ಯಾನದ ಒಳಗಿನ ಕ್ಯಾಂಪಿನಲ್ಲಿ ನೀರು ಇಲ್ಲದ ದಿನವೂ ಉಂಟು. ದಾರಿಯಲ್ಲಿ ಪೆಟ್ರೋಲ್ ಬಂಕ್, ಅದೂ ಇಲ್ಲದಿದ್ದರೆ ಪೊದೆ. ಒಂದು ಉದ್ದ ಪಂಚೆ ಅಥವಾ ಸೀರೆ ತುಂಡು ಹೆಂಗಸರಿಗೆ ತುಂಬಾ ಉಪಯೋಗ ಅಂತ ನಮ್ಮ ಗುಂಪಿನ ಅಕ್ಕಂದಿರ ಸಲಹೆ. ಸ್ಯಾನಿಟರಿ ಪ್ಯಾಡ್ ಊರಿನಿಂದಲೇ ಲೆಕ್ಕ ಹಾಕಿ ತನ್ನಿ. ಕಳೆದ ಸಲ ನಮ್ಮ ಗುಂಪಿನಲ್ಲಿ ಹೆಂಗಸರೇ ಜಾಸ್ತಿ ಇದ್ದರು, ದೂರು ಹೇಳಿದ್ದು ಗಂಡಸರು.

ಲಸಿಕೆ ಯಾವುದು ಬೇಕು? ಮಂಗಳೂರಿನವರಿಗೆ ಮಲೇರಿಯಾ ಹೊಸದಾ?

ಹಳದಿ ಜ್ವರದ ಲಸಿಕೆ ಕಡ್ಡಾಯ ಅಂತಲೇ ತಿಳಿಯಿರಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಮೊದಲೇ ದಿನ ಗೊತ್ತು ಮಾಡಬೇಕು. ಚುಚ್ಚಿಸಿಕೊಂಡ 10 ದಿನದ ನಂತರವೇ ಹಳದಿ ಕಾರ್ಡಿಗೆ, ಅಂದರೆ ಲಸಿಕೆಯ ಪ್ರಮಾಣಪತ್ರಕ್ಕೆ, ಮಾನ್ಯತೆ. 2016ರಿಂದ ಈ ಕಾರ್ಡು ಜೀವನಪರ್ಯಂತ ನಡೆಯುತ್ತದೆ. ಕಾರ್ಡಿಲ್ಲದೆ ಕೆನ್ಯಾದಂಥ ದೇಶದಿಂದ ನೇರ ಮರಳಿದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. 60 ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಡಾಕ್ಟರ ಹತ್ತಿರ ಮಾತಾಡದೆ ತೆಗೆದುಕೊಳ್ಳಬಾರದು.

"ನಮಗೆ ಮಲೇರಿಯಾ ಅಭ್ಯಾಸ ಉಂಟು" ಅನ್ನುವ ಮಂಗಳೂರಿನ ಧೈರ್ಯ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ. ಅಲ್ಲಿನದು ಬಹುಪಾಲು ಫಾಲ್ಸಿಪಾರಂ, ಮಿದುಳಿಗೆ ಏರಿ ಕೆಲವೇ ದಿನದಲ್ಲಿ ಪ್ರಾಣ ತೆಗೆಯಬಲ್ಲದು. ತಡೆಗಟ್ಟುವ ಮಾತ್ರೆ ಹೊರಡುವ ಮೊದಲೇ ಶುರು ಮಾಡಬೇಕು, ವಾಪಸ್ ಬಂದ ಮೇಲೂ ಮುಂದುವರಿಸಬೇಕು. ಕೆಲವು ಮಾತ್ರೆಗೆ ಮತ್ತೆ ಒಂದು ವಾರ, ಡಾಕ್ಸಿಸೈಕ್ಲಿನ್‌ಗೆ 4 ವಾರ. ನಿಮಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಒಂದೂವರೆ ತಿಂಗಳು ಮೊದಲೇ ಹೋಗಿ.

ಮಲಾವಿ ಸರೋವರದಲ್ಲಿ ಈಜಬಹುದಾ?

ಸಮುದ್ರದ ಹಾಗೆಯೇ ಕಾಣುತ್ತದೆ, ಆಚೆ ದಡ ಕಾಣುವುದಿಲ್ಲ, ಅಲೆಯೂ ಇದೆ. ಕಾಪು ಬೀಚಿನವರಿಗೆ ಕೈಕಾಲು ತಡೆಯುವುದಿಲ್ಲ. ಆದರೆ ಬಿಲ್ಹಾರ್ಜಿಯಾ ಅನ್ನುವ ಹುಳದ ಸೋಂಕು ಅಲ್ಲಿದೆ. ನೀರಿನ ಬಸವನಹುಳುವಿನಿಂದ ಬಂದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಜೊಂಡು ಬೆಳೆದ, ನಿಂತ ನೀರಿನ ಕಡೆ ಅಪಾಯ ಜಾಸ್ತಿ. ಇಳಿದಿದ್ದರೆ ಊರಿಗೆ ಬಂದ ಮೇಲೆ ಡಾಕ್ಟರಿಗೆ ಹೇಳಿ ಪರೀಕ್ಷೆ ಮಾಡಿಸಿ, ಅದಕ್ಕೆ ಮಾತ್ರೆ ಇದೆ. ನಮ್ಮಲ್ಲಿ ಅರ್ಧ ಜನ ಇಳಿದರು, ಅರ್ಧ ಜನ ದಡದಲ್ಲಿ ಕೂತು ಬೈದರು.

ವೀಸಾ?

ಒಂದೊಂದು ದೇಶಕ್ಕೂ ಬೇರೆ ಬೇರೆ. ಕೆನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಮಾಡಿದೆ. ತಾಂಜಾನಿಯಾಕ್ಕೆ ಇ-ವೀಸಾ. ಕೆನ್ಯಾ, ಉಗಾಂಡಾ, ರುವಾಂಡಾಕ್ಕೆ ಒಂದೇ ವೀಸಾ ಉಂಟಲ್ಲ ಅಂತ ಕೇಳುತ್ತಾರೆ. ಉಂಟು, ಅದರಲ್ಲಿ ತಾಂಜಾನಿಯಾ ಸೇರಿಲ್ಲ, ನಮ್ಮ ದಾರಿಗೆ ಲಾಭ ಇಲ್ಲ. ನಿಯಮ ಆಗಾಗ ಬದಲಾಗುತ್ತದೆ, ಪ್ರತಿ ದೇಶದ ಅಧಿಕೃತ ಜಾಲತಾಣ ನೋಡಿಯೇ ಅರ್ಜಿ ಹಾಕಿ. ಪಾಸ್‌ಪೋರ್ಟಿನಲ್ಲಿ ಖಾಲಿ ಪುಟ ಧಾರಾಳ ಇರಲಿ, ಗಡಿ ಗಡಿಗೂ ಎರಡೆರಡು ಮುದ್ರೆ.

ಗಡಿಯಲ್ಲಿ ಕಾಯುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸಾಂಗ್ವೆಯಲ್ಲಿ ನಾವು ನಾಲ್ಕು ಗಂಟೆ ಕೂತೆವು, ಇಸ್ಪೀಟಿನಲ್ಲಿ ಎರಡು ಜಗಳ ಆಯಿತು. ಜಾಂಬಿಯಾ-ಬೋಟ್ಸ್ವಾನಾ ಗಡಿಯ ಕಜುಂಗುಲಾದಲ್ಲಿ ಮಾತ್ರ ಈಗ ಆರಾಮ. ಮೊದಲು ಜಾಂಬೆಜಿ ದಾಟಲು ಗಾಡಿ ಸಾಗಿಸುವ ಜಂಗಲ್ ದೋಣಿಗೆ ಕಾಯಬೇಕಿತ್ತು, 2021ರಲ್ಲಿ 923 ಮೀಟರ್ ಉದ್ದದ ಸೇತುವೆ ಆಯಿತು.

ಖರ್ಚು ಎಷ್ಟು?

ಕಳೆದ ಸಲ ವಿಮಾನ ಸೇರಿ ನಮಗೆ ತಲೆಗೆ ನಾಲ್ಕೂವರೆ ಲಕ್ಷದ ಹತ್ತಿರ ಬಂತು. ಟೆಂಟಿನಲ್ಲಿ ಮಲಗುವುದಕ್ಕೆ ಇಷ್ಟಾ ಅನ್ನಬೇಡಿ. ಹಣ ಹೋಗುವುದು ಉದ್ಯಾನಗಳ ಶುಲ್ಕಕ್ಕೆ. ಮಸಾಯಿ ಮಾರಾದಲ್ಲಿ 2024ರಿಂದ ಜುಲೈ-ಡಿಸೆಂಬರ್ ನಡುವೆ ವಿದೇಶಿಯರಿಗೆ ದಿನಕ್ಕೆ 200 ಡಾಲರ್, ವರ್ಷದ ಮೊದಲರ್ಧದಲ್ಲಿ 100.

ಇಲ್ಲೊಂದು ಎಚ್ಚರಿಕೆ. ಮೊದಲ ಸಲ ಒಂದು ಏಜೆನ್ಸಿ "ಎಲ್ಲ ಸೇರಿ" ಅಂತ ರೇಟು ಹೇಳಿತ್ತು. ನೈರೋಬಿಯಲ್ಲಿ ಇಳಿದ ಮೇಲೆ ಗೊತ್ತಾಯಿತು, ಸೆರೆಂಗೆಟಿ ಮತ್ತು ಗೊರೊಂಗೊರೊ ಆ "ಎಲ್ಲ"ದಲ್ಲಿ ಸೇರಿರಲಿಲ್ಲ. ಯಾವ ಉದ್ಯಾನ, ಎಷ್ಟು ದಿನ, ಶುಲ್ಕ ಯಾರದು ಅಂತ ಒಂದೊಂದಾಗಿ ಬರೆಸಿಕೊಳ್ಳಿ. ತುರ್ತು ಸಾಗಾಟವೂ ಸೇರಿದ ವೈದ್ಯಕೀಯ ವಿಮೆ ಇಲ್ಲದವರನ್ನು ನಾವು ಕರೆದುಕೊಂಡು ಹೋಗುವುದಿಲ್ಲ.

ಡಾಲರ್ ನೋಟು ಹೊಸದಿರಲಿ. 2009ಕ್ಕಿಂತ ಹಳೆಯದನ್ನು, ಹರಿದದ್ದನ್ನು ಹಲವು ಕಡೆ ಮುಟ್ಟುವುದೇ ಇಲ್ಲ. 1, 5 ಡಾಲರಿನ ಚಿಲ್ಲರೆ ಬೇಕು, ಜಿಂಬಾಬ್ವೆಯಲ್ಲಿ ಮುಖ್ಯವಾಗಿ.

ಬಟ್ಟೆಬರೆ ಏನು ತರಬೇಕು?

ಮೆತ್ತಗಿನ ಬ್ಯಾಗು. ಚಕ್ರದ ಸೂಟ್‌ಕೇಸ್ ಟ್ರಕ್ಕಿನ ಲಾಕರಿನಲ್ಲಿ ಹಿಡಿಸುವುದಿಲ್ಲ. ಮಿಲಿಟರಿ ಡಿಸೈನಿನ ಪ್ಯಾಂಟು ಬೇಡವೇ ಬೇಡ, ಜಾಂಬಿಯಾ, ಜಿಂಬಾಬ್ವೆಯಲ್ಲಿ ಸಾಮಾನ್ಯರು ಅದನ್ನು ಹಾಕುವುದು ಅಪರಾಧ. ಕಡುನೀಲಿ, ಕಪ್ಪು ಬಣ್ಣವೂ ಬೇಡ, ಸೆಟ್ಸೆ ನೊಣ ಅದಕ್ಕೇ ಬಂದು ಮುತ್ತುತ್ತದೆ, ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಒದ್ದೆ ಬಟ್ಟೆಯನ್ನು ಹೊರಗೆ ಒಣಗಿಸಿದರೆ ಒಂದು ಬಗೆಯ ನೊಣ ಮೊಟ್ಟೆ ಇಡುತ್ತದೆ, ಮರಿಹುಳ ಚರ್ಮದೊಳಗೆ ಹೋಗುತ್ತದೆ. ಚೆನ್ನಾಗಿ ಒಣಗಿಸಿ, ಸಿಕ್ಕಿದರೆ ಇಸ್ತ್ರಿ ಹಾಕಿ. ಪ್ಲಾಸ್ಟಿಕ್ ಚೀಲ ತರಬೇಡಿ. ಕೆನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ.

ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಸ್ವೆಟರ್ ಬಿಟ್ಟು ಬರುವುದು ಕರಾವಳಿಯವರ ಮಾಮೂಲಿ ತಪ್ಪು. ಗೊರೊಂಗೊರೊ ಅಂಚು 2,200 ಮೀಟರಿಗಿಂತ ಎತ್ತರ. ಜುಲೈ ರಾತ್ರಿ ಹಲ್ಲು ಕಟಕಟ. 22 ಡಿಗ್ರಿಗೇ ಹೊದ್ದುಕೊಳ್ಳುವ ನಮಗೆ ಮಂಕಿ ಕ್ಯಾಪ್ ಸಮೇತ ಎರಡು ಸ್ವೆಟರ್ ಬೇಕು.

ಭಾಷೆ?

ಇಂಗ್ಲಿಷ್ ನಡೆಯುತ್ತದೆ. ಕೆನ್ಯಾ, ತಾಂಜಾನಿಯಾದ ಸ್ವಾಹಿಲಿ ಭಾಷೆಯಲ್ಲಿ ಚಾಯ್ ಅಂದರೆ ಚಹಾ, ಡುಕಾ ಅಂದರೆ ಅಂಗಡಿ, ಗಾರಿ ಅಂದರೆ ಗಾಡಿ. ಕಡಲ ವ್ಯಾಪಾರ ಮಾಡಿದ ಉಪಕಾರ. ಸಿಂಬಾ ಅಂದರೆ ಸಿಂಹ. ಇದು ಮಾತ್ರ ಕಾಕತಾಳೀಯ, ಅದು ಬಾಂಟು ಭಾಷೆಗಳದ್ದೇ ಪದ. ನಮ್ಮೂರ ಬಂಟರಿಗೂ ಆ ಬಾಂಟುವಿಗೂ ಸಂಬಂಧ ಇಲ್ಲ, ಇದನ್ನೂ ಕೇಳಿದವರಿದ್ದಾರೆ.

ಮೊಬೈಲ್, ಚಾರ್ಜಿಂಗ್?

ಏರ್‌ಟೆಲ್ ಬೋರ್ಡು ಕೆನ್ಯಾದಿಂದ ಜಾಂಬಿಯಾವರೆಗೆ ಕಾಣುತ್ತದೆ, ಆದರೆ ಊರಿನ ಸಿಮ್ ಅಲ್ಲಿ ರೋಮಿಂಗೇ. ಸ್ಥಳೀಯ ಸಿಮ್ ತೆಗೆದುಕೊಳ್ಳಿ. ಪ್ಲಗ್ಗು ಹೆಚ್ಚಾಗಿ ಚಪ್ಪಟೆ ಮೂರು ಪಿನ್ನಿನದು. ಮನೆಗೆ ದಿನಾ ಫೋನ್ ಮಾಡುತ್ತೇನೆ ಅಂತ ಮಾತು ಕೊಟ್ಟು ಬರಬೇಡಿ.

ವಯಸ್ಸಿನ ಮಿತಿ?

ಬಹಳಷ್ಟು ಟ್ರಕ್ಕಿನವರು 18ಕ್ಕಿಂತ ಚಿಕ್ಕವರನ್ನು ಸೇರಿಸುವುದಿಲ್ಲ. ದೊಡ್ಡವರಿಗೆ ನಮ್ಮ ಪರೀಕ್ಷೆ ಇಷ್ಟೇ: ಟ್ರಕ್ಕಿನ ಎತ್ತರದ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಕು, ನೆಲದಿಂದ ಕೈಯೂರದೆ ಏಳಬೇಕು. ಮಂಡಿ ನೋವಿದ್ದರೆ ಆಲೋಚಿಸಿ. ನಮ್ಮಲ್ಲಿ ಅತಿ ಹಿರಿಯರಿಗೆ 67, ಟೆಂಟು ಮೊದಲು ಹಾಕಿ ಮುಗಿಸುತ್ತಿದ್ದದ್ದು ಅವರೇ.

ವಾಪಸ್ ಬಂದ ಮೇಲೆ ಜ್ವರ ಬಂದರೆ?

ಮಳೆಗಾಲದ ಶೀತ ಅಂತ ಕಷಾಯ ಕುಡಿದು ಮಲಗಬೇಡಿ. ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಅಂತ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ, ಮಾತ್ರೆ ನುಂಗಿದ್ದರೂ ಹೇಳಿ. ತಿಂಗಳುಗಳ ನಂತರ ಬಂದರೂ ಇದೇ ಮಾತು. ಎರಡನೇ ಸಲ ಹೋಗಿ ಬಂದಾಗ ನಮ್ಮಲ್ಲಿ ಒಬ್ಬರಿಗೆ ಚೌತಿ ಹೊತ್ತಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಮಲೇರಿಯಾ ಇರಲಿಲ್ಲ, ಬರೀ ವೈರಲ್. ಅವರು ಸಂಜೆಗೇ ಎದ್ದು ಕಡುಬು ಕೇಳಿದರು.